ಬೆಲ್ಟಿನ ಜಾಲರಿ ಮತ್ತು ಅಮಾವಾಸ್ಯೆಯ ಪೂಜೆ

ನಿವೃತ್ತಿಗೆ ಇನ್ನು ಮೂರು ವರ್ಷ ಉಳಿದಿದ್ದಾಗ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಕಾರ್ಖಾನೆ ಸುರಕ್ಷತೆಯ ತಪಾಸಣೆ ನನ್ನ ಹೆಗಲಿಗೆ ಬಿತ್ತು. ಯಂತ್ರದಿಂದ, ಬೆಂಕಿಯಿಂದ, ಧೂಳಿನಿಂದ ಕೆಲಸಗಾರರಿಗೆ ಎಲ್ಲಿ ಪೆಟ್ಟಾಗಬಹುದು ಎಂದು ಮೊದಲೇ ಗುರುತಿಸಿ ಅದನ್ನು ತಡೆಯುವುದು ಈ ಕೆಲಸ. ಹೇಳಲು ಒಂದೇ ಸಾಲು. ಮಾಡಲು ಹೋದಾಗ ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕಬೇಕಾಗುತ್ತದೆ. ನೆಲೋಗಿ ಹತ್ತಿರದ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಬೆಂಕಿ ಆರಿಸಲೆಂದು ನಾನು ಇಡಿಸಿದ್ದ ಮರಳಿನ ಬಕೆಟ್ಟುಗಳಲ್ಲಿ ತುಳಸಿ ಗಿಡ ನೆಟ್ಟಿದ್ದರು. ಕೇಳಿದರೆ, "ಬಕೆಟ್ ಸುಮ್ನ ಕುಂತಿದ್ವಲ್ರಿ ಸಾಹೇಬ್ರ" ಎಂದರು.

ಅದನ್ನೆಲ್ಲ ನುಂಗಿಕೊಂಡೆ. ನನ್ನ ತಾಳ್ಮೆಯನ್ನು ಪೂರ್ತಿ ಅರೆದು ಹಿಟ್ಟು ಮಾಡಿದ್ದು ಆಳಂದದಿಂದ ಮಟಕಿಯ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ತೊಗರಿಬೇಳೆ ಮಿಲ್ಲು.

ಮಾಲೀಕರು ಶಿವಶರಣಪ್ಪ ಸಾವಕಾರರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮರ್ಯಾದೆ. ಯಂತ್ರ ನೋಡಿಕೊಳ್ಳುವವನು ಖಾಜಾ ಮಿಸ್ತ್ರಿ. ಕಸ ಹೊಡೆಯುವವಳು ಮಟಕಿಯ ಶಾಂತಾಬಾಯಿ, ನಲವತ್ತೈದರ ಹೆಂಗಸು. ಮೊದಲ ತಪಾಸಣೆಯಲ್ಲೇ ನನ್ನ ಕಣ್ಣು ನಿಂತದ್ದು ಮೋಟಾರಿನಿಂದ ರೋಲರಿಗೆ ಹೋಗುವ ದೊಡ್ಡ ಬೆಲ್ಟಿನ ಮೇಲೆ. ಅದಕ್ಕೆ ಮುಚ್ಚಳವೇ ಇರಲಿಲ್ಲ. ಓಡುವ ಬೆಲ್ಟು ಪುಲ್ಲಿ ಎಂಬ ಚಕ್ರವನ್ನು ಸುತ್ತಿಕೊಳ್ಳುವ ಜಾಗಕ್ಕೆ ನಾವು ನಿಪ್ ಪಾಯಿಂಟ್ ಎನ್ನುತ್ತೇವೆ. ಅಲ್ಲಿ ಬೆರಳು ಸಿಕ್ಕರೆ ಬೆರಳು ಹೋಗುತ್ತದೆ, ಬಟ್ಟೆ ಸಿಕ್ಕರೆ ಮನುಷ್ಯನೇ ಒಳಗೆ ಹೋಗುತ್ತಾನೆ. ಶಾಂತಾಬಾಯಿ ಅದರ ಬುಡದಲ್ಲೇ ಬಗ್ಗಿ ಹೊಟ್ಟು ಗುಡಿಸುತ್ತಿದ್ದಳು.

ಆಕೆಯ ಸೆರಗಿನಲ್ಲಿ ಗೇಣುದ್ದ ಹೊಲಿಗೆ ಕಂಡು ಏನಾಯಿತೆಂದು ಕೇಳಿದೆ.

"ಬೆಲ್ಟ್ ಜಗ್ಗಿತ್ರಿ. ಸೀರಿ ಹಳೇದಿತ್ತು, ಹರದ ಹೋತು. ಹೊಸಾದಿದ್ರ ಹರೀತಿದ್ದಿಲ್ಲ ನೋಡ್ರಿ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಹದಿನೈದು ದಿನದಲ್ಲಿ ಬೆಲ್ಟಿಗೆ ಕಬ್ಬಿಣದ ಜಾಲರಿ ಕೂರಿಸಬೇಕೆಂದು ಅಲ್ಲೇ ನೋಟೀಸು ಬರೆದೆ. "ನೀವ್ ಹೇಳಿದ ಮ್ಯಾಲ ಮುಗೀತ್ರಿ. ಮೊದಲ ಚಾ ಕುಡೀರಿ" ಎಂದರು ಸಾವಕಾರರು. ಹೇಳಿದಂತೆ ಜಾಲರಿ ಹಾಕಿಸಿದರು ಕೂಡ. ಎಂಟು ಬೋಲ್ಟಿನ ಗಟ್ಟಿ ಜಾಲರಿ. ಫೋಟೊ ತೆಗೆದುಕೊಂಡು ಫೈಲಿಗೆ ಸೇರಿಸಿದೆ, ಒಂದು ಕೈ ಉಳಿಸಿದೆನೆಂದು ಬೀಗಿದೆ.

ಎರಡು ತಿಂಗಳು ಬಿಟ್ಟು ಹೋದರೆ ಜಾಲರಿ ಗೋಡೆಗೆ ಒರಗಿ ನಿಂತಿತ್ತು. ಅದಕ್ಕೆ ವಿಭೂತಿ, ಕುಂಕುಮ, ಒಂದು ಚೆಂಡು ಹೂವಿನ ಮಾಲೆ. ಬೆಲ್ಟು ಬರಿಮೈಯಲ್ಲಿ ಓಡುತ್ತಿತ್ತು.

"ಮೊನ್ನಿ ಅಮಾಸಿ ಇತ್ತಲ್ರಿ" ಎಂದರು ಸಾವಕಾರರು.

ಆ ಭಾಗದಲ್ಲಿ ಪ್ರತಿ ಅಮಾವಾಸ್ಯೆಗೆ ಅಂಗಡಿಯ ತಕ್ಕಡಿಗೂ ಪೂಜೆ, ಮಿಲ್ಲಿನ ಯಂತ್ರಕ್ಕೂ ಪೂಜೆ. ಪುಲ್ಲಿಗೆ ಮೂರು ಬೆರಳಿನ ವಿಭೂತಿ ಎಳೆಯದೆ ಸಾವಕಾರರು ಸ್ವಿಚ್ ಒತ್ತುವವರಲ್ಲ. ಹಾಗಾಗಿ ಜಾಲರಿ ಬಿಚ್ಚಬೇಕು. ಎಂಟು ಬೋಲ್ಟು ಬಿಚ್ಚುವ ಉತ್ಸಾಹ ಮತ್ತೆ ಕಟ್ಟುವಾಗ ಯಾರಿಗೂ ಇರುವುದಿಲ್ಲ.

"ಜಾಲರಿ ಮ್ಯಾಲೇ ವಿಭೂತಿ ಹಚ್ರಿ" ಎಂದೆ.

"ಬಾಗಲಾ ಹಾಕಿದ ಗುಡಿಗಿ ಹೊರಗ ನಿಂತು ಪೂಜಿ ಮಾಡಿದಂಗ ಆಗ್ತದಲ್ರಿ ಸಾಹೇಬ್ರ. ಆದ್ರೂ ನೀವ್ ಹೇಳಿದ ಮ್ಯಾಲ ಮುಗೀತು."

ಮುಗಿಯಲಿಲ್ಲ. ಮುಂದಿನ ಸಲವೂ ಜಾಲರಿ ಗೋಡೆಗೇ ಒರಗಿತ್ತು, ನನ್ನ ಮಾತಿಗೆ ಬೆಲೆ ಕೊಟ್ಟು ಅದಕ್ಕೆ ವಿಭೂತಿಯನ್ನು ತುಸು ದಪ್ಪಗೆ ಹಚ್ಚಿದ್ದರು. ಸಿಟ್ಟು ನೆತ್ತಿಗೇರಿತು. ಬೋಲ್ಟು ಬೇಡವೇ ಬೇಡ, ಜಾಲರಿಯನ್ನು ವೆಲ್ಡಿಂಗ್ ಮಾಡಿಸಿ ಎಂದು ಆದೇಶ ಬರೆದುಬಿಟ್ಟೆ.

ಖಾಜಾ ಮಿಸ್ತ್ರಿ ತಲೆ ಕೆರೆದುಕೊಂಡ. "ವೆಲ್ಡ್ ಮಾಡಿದ್ರ ಒಳಗಿನ ಹೊಟ್ಟು ಹೆಂಗ ತೆಗೀಬೇಕ್ರಿ ಸಾಬ್?"

"ಅದು ನಿಮ್ಮ ಕೆಲಸ, ನನ್ನದಲ್ಲ" ಎಂದೆ. ಮೂವತ್ತು ವರ್ಷಗಳ ನೌಕರಿಯಲ್ಲಿ ನಾನಾಡಿದ ಅತಿ ದಡ್ಡ ಮಾತು ಅದು.

ಅದು ಸುಗ್ಗಿಯ ಕಾಲ. ಮಿಲ್ಲು ಎರಡು ಪಾಳಿಯಲ್ಲಿ ಎಡೆಬಿಡದೆ ನಡೆಯುತ್ತಿತ್ತು. ತಿಂಗಳ ನಂತರ ಹೋದಾಗ ಸಾವಕಾರರೇ ಎದುರಿಗೆ ಬಂದು, "ಈಗ ನೋಡ್ರಿ, ಆನಿ ಬಂದ್ರೂ ಅಳಗಾಡಂಗಿಲ್ಲ" ಎಂದು ಅಭಿಮಾನದಿಂದ ಕರೆದೊಯ್ದರು. ಜಾಲರಿ ನಿಜಕ್ಕೂ ಅಲುಗುವಂತಿರಲಿಲ್ಲ. ಆದರೆ ಅದರ ಒಂದು ಬದಿಯಲ್ಲಿ ಗ್ಯಾಸ್ ಕಟರಿನಿಂದ ಕೊರೆದ ಒಂದು ತೂತಿತ್ತು, ಸರಿಯಾಗಿ ಒಂದು ತೋಳು ಹಿಡಿಸುವಷ್ಟು. ಅದರೊಳಗೆ ಶಾಂತಾಬಾಯಿಯ ಬಲಗೈ ಮೊಣಕೈವರೆಗೆ ಇಳಿದಿತ್ತು. ಬೆಲ್ಟು ಓಡುತ್ತಿತ್ತು. ಆಕೆ ಮುಖವನ್ನು ಆಚೆ ತಿರುಗಿಸಿಕೊಂಡು, ಬರೀ ಕೈಯಂದಾಜಿನಲ್ಲಿ, ಒಳಗೆ ಸೇರಿದ ಹೊಟ್ಟನ್ನು ಬಾಚಿ ಬಾಚಿ ತೆಗೆಯುತ್ತಿದ್ದಳು. ಎದುರಿನಿಂದ ನೋಡಿದರೆ ಆಕೆಯ ಬಳೆಗೂ ನಿಪ್ ಪಾಯಿಂಟಿಗೂ ನಾಲ್ಕು ಬೆರಳಿನ ಅಂತರ.

ಕೂಗಿದರೆ ಬೆಚ್ಚುತ್ತಾಳೆ, ಬೆಚ್ಚಿದರೆ ಕೈ ಜಾರುತ್ತದೆ. ಬಾಯಿ ಮುಚ್ಚಿಕೊಂಡು ಮೇನ್ ಸ್ವಿಚ್ ಹುಡುಕಿದೆ. ಅದು ಗೋಡೆಯಲ್ಲಿತ್ತು, ಅದರ ಮುಂದೆ ತೊಗರಿ ಚೀಲಗಳ ಎದೆಮಟ್ಟದ ರಾಶಿ. ಐವತ್ತೇಳರ ವಯಸ್ಸಿನಲ್ಲಿ ಬೂಟು ಸಮೇತ ಚೀಲಗಳ ಮೇಲೆ ಹತ್ತತೊಡಗಿದೆ. ಸಾಹೇಬನಿಗೆ ಹುಚ್ಚು ಹಿಡಿಯಿತೆಂದು ಹಮಾಲರು ನಿಂತು ನೋಡಿದರು. ಖಾಜಾ ಮಿಸ್ತ್ರಿ ಮಾತ್ರ ನನ್ನ ಕಣ್ಣು ಎತ್ತ ಇದೆಯೆಂದು ನೋಡಿದ, ಗೋಡೆಗೂ ಚೀಲಕ್ಕೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ನುಗ್ಗಿ ಹಿಡಿಕೆ ಎಳೆದ. ಸ್ವಿಚ್ ಆರಿದರೂ ಬೆಲ್ಟು ಒಮ್ಮೆಲೆ ನಿಲ್ಲುವುದಿಲ್ಲ, ಅದರ ಓಟ ಅದು ಮುಗಿಸಲೇಬೇಕು. ಅಷ್ಟೂ ಹೊತ್ತು ಆ ಕೈ ಒಳಗೇ ಇತ್ತು.

ಬೆಲ್ಟು ನಿಂತ ಮೇಲೆ ಕೈ ಹೊರಗೆ ಬಂತು. ಐದೂ ಬೆರಳು ಎಣಿಸಿದೆ.

"ಯಾಕ ಬಂದ್ ಮಾಡಿದ್ರಿ? ಇನ್ನಾ ಅರ್ಧಾ ಉಳದದ" ಎಂದಳು ಶಾಂತಾಬಾಯಿ.

ಚೀಲದ ಮೇಲೆಯೇ ಕುಳಿತು ಉಸಿರು ಸರಿಮಾಡಿಕೊಂಡೆ. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ. "ಓಡೂ ಬೆಲ್ಟಿನ್ಯಾಗ ಯಾಕ ಕೈ ಹಾಕ್ತೀ ಯವ್ವಾ?"

"ಹೊಟ್ಟು ತುಂಬಿದ್ರ ಬೆಲ್ಟಿಗಿ ತಿಕ್ಕಿ ಸುಟ್ಟ ವಾಸನಿ ಬರ್ತದ್ರಿ. ದಿನಾ ತೆಗೀಬೇಕು. ಬಂದ್ ಮಾಡ್ರಿ ಅಂದ್ರ ಯಾರ್ ಮಾಡ್ತಾರ? ಅಮಾಸಿ ಪೂಜಿಗಿ ಒಂದ ಬಂದ್ ಆಗ್ತದ. ಮದಲ ಜಾಲರಿ ಬಿಚ್ಚಿ ಇಟ್ಟಿರ್ತಿದ್ರು, ಕೈ ಎಲ್ಲಿ ಹೋಗ್ತದ ಅಂತ ಕಣ್ಣಿಗರೆ ಕಾಣ್ತಿತ್ತು. ನೀವು ವೆಲ್ಡ್ ಮಾಡಿಸಿದ್ರಿ."

ಆಕೆಯ ಕೈ ಕಾಯಲೆಂದು ಬರೆದ ಆದೇಶವೇ ಆ ಕೈಯನ್ನು ಕತ್ತಲೆಗೆ ತಳ್ಳಿತ್ತು.

ದಿನಾ ಹತ್ತು ನಿಮಿಷ ಮಿಲ್ಲು ನಿಲ್ಲಿಸಬೇಕು ಎಂದೆ. ಸಾವಕಾರರ ಮುಖ ಗಂಟಾಯಿತು. ಸುಗ್ಗಿ, ಲಾರಿ, ಕರೆಂಟು ಎಂದು ರಾಗ ತೆಗೆದರು. ಕಾಯ್ದೆ ಹೇಳಿದೆ, ಕೋರ್ಟು ಹೇಳಿದೆ. ಅವರು ಚಹಾ ತರಿಸಿದರು. ಆಗ ಶಾಂತಾಬಾಯಿ ಸೀರೆಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು:

"ಸಾವಕಾರ್ರ, ದಿನಾ ಮುಂಜಾನಿ ಮಷೀನಿಗಿ ಊದಿನಕಡ್ಡಿ ಬೆಳಗ್ತೀರಿ. ಒಳಗ ಗೇಣ ಗೇಣ ಕಸಾ ಇರ್ತದ. ನಿಮ್ಮ ಮನ್ಯಾಗ ಕಸಾ ಹೊಡೀಲಾರದ ಪೂಜಿ ಮಾಡ್ತಾರೇನ್ರಿ?"

ಖಾಜಾ ಮಿಸ್ತ್ರಿ ಸೂರು ನೋಡತೊಡಗಿದ. ಸಾವಕಾರರು ತಟ್ಟೆಯಲ್ಲಿ ಸುರಿದುಕೊಂಡ ಚಹಾವನ್ನು ಕುಡಿಯದೆ ಕೆಳಗಿಟ್ಟರು. ಆಮೇಲೆ, "ಹೌದಲ್ಲ" ಎಂದರು.

ಮೂರು ದಿನದಲ್ಲಿ ಖಾಜಾ ಮಿಸ್ತ್ರಿ ಜಾಲರಿ ಕೊಯ್ದು ಕೀಲಿನ ಮೇಲೆ ತೆರೆದು ಮುಚ್ಚುವ ಬಾಗಿಲು ಮಾಡಿದ, ಕೊರೆದ ತೂತಿಗೆ ತಗಡು ಹೊಡೆದ. ಸ್ವಿಚ್ಚಿನ ಮುಂದಿನ ಚೀಲಗಳು ಹೋದವು. ಆ ಬಾಗಿಲಿಗೊಂದು ಬೀಗ, ಮೇನ್ ಸ್ವಿಚ್ಚಿಗೊಂದು ಬೀಗ, ಎರಡಕ್ಕೂ ಒಂದೇ ಕೀಲಿಕೈ. ಸ್ವಿಚ್ ಆರಿಸಿ ಬೀಗ ಜಡಿದ ಮೇಲೆಯೇ ಆ ಕೀಲಿಕೈ ಹೊರಗೆ ಬರುತ್ತದೆ, ಆಗಲೇ ಜಾಲರಿ ತೆರೆಯಬಹುದು. ಜಾಲರಿ ಮುಚ್ಚಿ ಬೀಗ ಹಾಕಿ, ಅದೇ ಕೀಲಿಕೈಯನ್ನು ಸ್ವಿಚ್ಚಿಗೆ ಮರಳಿಸುವವರೆಗೂ ಮಿಲ್ಲು ಶುರುವಾಗದು. ಮೊದಲ ದಿನ ಸ್ವಿಚ್ ಆರಿಸಿ, ಜಾಲರಿ ತೆರೆದು, ಕೀಲಿಕೈಯನ್ನು ಸಾವಕಾರರು ಜೇಬಿಗೆ ಇಳಿಸಹೊರಟಾಗ ಶಾಂತಾಬಾಯಿ ಕೈ ಚಾಚಿದಳು.

"ನಿನಗ್ಯಾಕ ಬೇ ಮಿಲ್ಲಿನ ಕೀಲಿ?"

"ಒಳಗ ಹೋಗೂ ಕೈ ನಂದಲ್ರಿ?"

ಸಾವಕಾರರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ. ಕೀಲಿಕೈ ಆಕೆಯ ಸೊಂಟಕ್ಕೆ ಸೇರಿತು.

ಅಪಾಯ ಎಂದರೆ ಕಬ್ಬಿಣದಲ್ಲಿರುವುದು ಎಂದುಕೊಂಡು ಅಷ್ಟು ವರ್ಷ ಜಾಲರಿಯನ್ನೇ ಅಳೆದೆ. ಅಪಾಯ ಇದ್ದದ್ದು ಮಿಲ್ಲಿನ ದಿನಚರಿಯಲ್ಲಿ. ಅದನ್ನು ಬಲ್ಲವಳು ಆ ಕೆಲಸ ಮಾಡುವವಳೊಬ್ಬಳೇ, ಆಕೆಯನ್ನು ಕೇಳುವ ಜಾಗವೇ ನನ್ನ ತಪಾಸಣೆಯ ಫಾರಮ್ಮಿನಲ್ಲಿ ಇರಲಿಲ್ಲ. ಅಂದಿನಿಂದ ಪ್ರತಿ ಫಾರಮ್ಮಿನ ತುದಿಗೂ ಪೆನ್ನಿನಿಂದ ಒಂದು ಸಾಲು ಬರೆದುಕೊಳ್ಳುತ್ತಿದ್ದೆ: ಕೈ ಹಾಕುವವರು ಯಾರು, ಯಾವಾಗ, ಯಾಕೆ? ಆ ಸಾಲು ನಮೂನೆಯಲ್ಲಿಲ್ಲ ಎಂದು ನಮ್ಮ ಇಲಾಖೆಯವರೇ ಎರಡು ಸಲ ಫೈಲು ವಾಪಸು ಕಳಿಸಿದರು, ಅದು ಬೇರೆ ಹೊಟ್ಟೆಯುರಿ.

ನಿವೃತ್ತಿಗೆ ಮುಂಚೆ ಕೊನೆಯ ಸಲ ಆ ಮಿಲ್ಲಿಗೆ ಹೋದ ದಿನ ಅಮಾವಾಸ್ಯೆ. ಸಾವಕಾರರು ವಿಭೂತಿ ತಟ್ಟೆ ಹಿಡಿದು, ಬರಿಗಾಲಲ್ಲಿ, ತೆರೆದ ಜಾಲರಿಯ ಮುಂದೆ ಕಾಯುತ್ತ ನಿಂತಿದ್ದರು.

"ಶಾಂತಾಬಾಯಿ, ಲಗೂ ಮಾಡವ್ವ. ಹೊತ್ತು ಮೀರಾಕತ್ತದ."

ಒಳಗೆ ಬಗ್ಗಿದ್ದ ಶಾಂತಾಬಾಯಿ ತಲೆ ಎತ್ತಲಿಲ್ಲ. "ತಡೀರಿ ಸಾವಕಾರ್ರ. ಮೂಲ್ಯಾಗ ಇನ್ನಾ ಹೊಟ್ಟದ."