ಹರ್ಷಿಣಿಯ ಗಿಟಾರಿಗೆ ದೇಜಪ್ಪ ಬಣ್ಣ ಬಳಿದದ್ದು

ಮಲ್ಪೆ ಬಂದರಿನಲ್ಲಿ ದೇಜಪ್ಪನಷ್ಟು ಹಟಮಾರಿ ಪೈಂಟರ್ ಇನ್ನೊಬ್ಬನಿಲ್ಲ. ಮಳೆಗಾಲದ ರಜೆಯಲ್ಲಿ ದಡ ಸೇರಿದ ಬೋಟನ್ನು ಮೊದಲು ಅಂಗೈಯಿಂದ ಸವರಿ ನೋಡುವುದು ಅವನ ಕ್ರಮ. ತಗ್ಗು ಸಿಕ್ಕಲ್ಲೆಲ್ಲ ಪುಟ್ಟಿ ತುಂಬಬೇಕು, ಒಣಗಿದ ಮೇಲೆ ಉಜ್ಜಬೇಕು, ಬಣ್ಣದ ಮಾತು ಆಮೇಲೆ. ಅವಸರ ಮಾಡುವ ಮಾಲೀಕರಿಗೆ ಬೈಗುಳವೂ ಸಿಗುತ್ತಿತ್ತು. ಮೂವತ್ತೈದು ವರ್ಷ ಇದನ್ನೇ ಮಾಡಿದ ಕೈಗೆ ಬೇರೆ ಬುದ್ಧಿ ಬರುವುದಾದರೂ ಎಲ್ಲಿಂದ?

ಮಗಳು ಹರ್ಷಿಣಿ ಕಾಪುವಿನ ಶಾಲೆಯೊಂದರಲ್ಲಿ ಟೀಚರ್. ಬೋಟು ಕಟ್ಟಿ ಉಳಿದ ಹಲಗೆ ತಂದು, ಮೊಬೈಲು ನೋಡಿಕೊಂಡು, ತಾನೇ ಒಂದು ಗಿಟಾರ್ ಮಾಡಲು ಹೊರಟಿದ್ದಳು. ಮಾರ್ಚಿನಲ್ಲಿ ಜ್ವರ ಬಂತು. ನಾಲ್ಕನೇ ದಿನ ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಬಾರಿಸುವಾಗ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಕುತ್ತಿಗೆಯನ್ನೂ ಕೆತ್ತಿ ಮುಗಿಸಿದ್ದಳು, ಬಣ್ಣ ಬಳಿದು ತಂತಿ ಕಟ್ಟುವುದು ಮಾತ್ರ ಬಾಕಿ ಇತ್ತು.

ಅವಳ ಜೊತೆಗೇ ಪಾಠ ಮಾಡುತ್ತಿದ್ದ ಸೋಫಿಯಾ ಜೂನಿನಲ್ಲಿ ಮನೆಗೆ ಬಂದಳು. "ಅಂಕಲ್, ಅದನ್ನು ಮುಗಿಸಿ ಕೊಡ್ತೀರಾ? ಶನಿವಾರ ಶಾಲೆಯಲ್ಲಿ ಅವಳ ನೆನಪಿಗೆ ಒಂದು ಕಾರ್ಯಕ್ರಮ ಉಂಟು. ಅವಳ ಗಿಟಾರನ್ನೇ ಬಾರಿಸುವ ಅಂತ."

ದೇಜಪ್ಪ ಆಗಲಿ ಎಂದ. ದುಃಖ ಉಕ್ಕಿ ಬಂದು ಒಪ್ಪಿದ್ದಲ್ಲ. ದುಃಖವೇ ಬಂದಿರಲಿಲ್ಲ. ಹೆಂಡತಿ ಸುಂದರಿ ಅತ್ತು ಅತ್ತು ಬಡಕಲಾಗಿದ್ದಳು. ಇವನು ಉಂಡ, ಮಲಗಿದ, ಕೆಲಸಕ್ಕೆ ಹೋದ. ಒಳಗೆಲ್ಲ ಜೋಮು ಹಿಡಿದ ಕಾಲಿನ ಹಾಗಿತ್ತು. ಒಮ್ಮೆ ಅತ್ತುಬಿಡು ಎಂದು ಬುದ್ಧಿ ಹೇಳಿದವರ ಎದುರು ಅವನಿಗೆ ನಾಚಿಕೆಯಾಗುತ್ತಿತ್ತು.

ಜಗಲಿಯಲ್ಲಿ ಕೂತು ಆ ಕುತ್ತಿಗೆಯನ್ನು ಅಂಗೈಯಿಂದ ಸವರಿದ. ಹಿಂಬದಿಯಲ್ಲಿ, ತುದಿಯ ಹತ್ತಿರ, ಒಂದು ಸಣ್ಣ ಗುಳಿ ಸಿಕ್ಕಿತು. ಹುಡುಗಿಗೆ ಕೈ ತಪ್ಪಿದೆ ಎಂದುಕೊಂಡು ಪುಟ್ಟಿ ತುಂಬಿದ. ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ಉಜ್ಜಿ, ಬೋಟಿಗೆ ತಂದು ಉಳಿದಿದ್ದ ನೀಲಿ ಬಣ್ಣವನ್ನು ಎರಡು ಸಲ ಬಳಿದ. ಕೆಲಸ ಬಹಳ ನಯವಾಗಿ ಬಂತು.

ಶುಕ್ರವಾರ ಸಂಜೆ ಸೋಫಿಯಾ ಕಟ್ಟಲು ತಂತಿ ಹಿಡಿದುಕೊಂಡು ಬಂದು ಕುತ್ತಿಗೆಯ ಮೇಲೆ ಬೆರಳಾಡಿಸಿದಳು. ತುದಿಯಲ್ಲಿ ಅವಳ ಕೈ ನಿಂತಿತು.

"ಇಲ್ಲೊಂದು ಗುಳಿ ಇತ್ತಲ್ವಾ ಅಂಕಲ್?"

"ಇತ್ತು. ತುಂಬಿಸಿದೆ."

ಸೋಫಿಯಾ ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡಳು. "ಅದು ತಪ್ಪಿ ಆದದ್ದಲ್ಲ. ಅವಳ ಎಡಗೈ ಹೆಬ್ಬೆರಳು ಸರಿಯಾಗಿ ಮಡಚ್ತಿರಲಿಲ್ಲ ಅಲ್ವಾ? ಅದು ಕೂರ್ಲಿಕ್ಕೆ ಅಂತಲೇ ಕೆತ್ತಿದ್ದು. ಇರಲಿ ಬಿಡಿ, ನನಗೆ ಬಾರಿಸ್ಲಿಕ್ಕೆ ತೊಂದರೆ ಇಲ್ಲ."

ದೇಜಪ್ಪ ಒಳಗೆ ಹೋಗಿ ಉಳಿ ತಂದ. ಬಣ್ಣ ಸುಲಭವಾಗಿ ಎದ್ದಿತು, ಪುಟ್ಟಿ ಏಳಲಿಲ್ಲ. ಅವನು ಹಾಕಿದ ಪುಟ್ಟಿ ಹಾಗೆಲ್ಲ ಏಳುವಂಥದ್ದಲ್ಲ. ಮರಕ್ಕೆ ತಾಗದ ಹಾಗೆ ಚೂರು ಚೂರೇ ಕೆರೆದು ತೆಗೆದ. ಗುಳಿ ಕಂಡಾಗ ತನ್ನ ಹೆಬ್ಬೆರಳನ್ನು ಇಟ್ಟು ನೋಡಿದ. ಅದು ಅಲ್ಲಿ ಕೂರಲಿಲ್ಲ.

ಮಗಳ ಬೆರಳು ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋದರೆ ಏನೂ ಹೊಳೆಯಲಿಲ್ಲ. ಬಂದರಿನ ಅಷ್ಟೂ ಬೋಟುಗಳ ತಗ್ಗು ಅವನಿಗೆ ಬಾಯಿಪಾಠ.

"ಅವಳ ಹೆಬ್ಬೆರಳಿಗೆ ಎಂತ ಆಗಿತ್ತು?" ಎಂದು ಒಳಗಿದ್ದ ಸುಂದರಿಯನ್ನು ಕೇಳಿದ.

ಸುಂದರಿ ಬಾಗಿಲಿಗೆ ಬಂದು ಅವನನ್ನೇ ನೋಡಿದಳು. "ಬೋಟಿನ ಬಾಗಿಲಿಗೆ ಸಿಕ್ಕಿ ಜಜ್ಜಿದ್ದಲ್ವಾ? ಆರು ವರ್ಷ ಅವಳಿಗೆ. ನೀವೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದು."

ಕಿವಿಯ ಪಕ್ಕದಲ್ಲಿ ಒಂದು ಮಗು ಅಳುತ್ತಿದ್ದದ್ದು, ಬಿಸಿ ರಕ್ತ ಅಂಗಿಯೊಳಗೆ ಇಳಿದದ್ದು, ಎಲ್ಲ ಒಟ್ಟಿಗೇ ನೆನಪಿಗೆ ಬಂತು. ಮೂರು ತಿಂಗಳಲ್ಲಿ ಮೊದಲ ಸಲ ದೇಜಪ್ಪನಿಗೆ ನೋವಾಯಿತು, ತಡೆಯಲಾಗದಷ್ಟು. ಗಿಟಾರನ್ನು ಸೋಫಿಯಾಳ ಕೈಗೆ ಕೊಟ್ಟು, "ಅಲ್ಲಿಗೆ ಬಣ್ಣ ಬೇಡ," ಎಂದಷ್ಟೇ ಹೇಳಲು ಅವನಿಗೆ ಸಾಧ್ಯವಾಯಿತು.