ಚಿನ್ನದ ರೇಕಿಗೆ ಒಂದು ಸೀನು

ಬೀದಿಯ ಸಾಲುಮರಗಳು ಹೂಬಿಟ್ಟದ್ದು ಆ ಕಾರ್ಖಾನೆಯವರಿಗೆ ಅವಳ ಸೀನಿನಿಂದಲೇ ಗೊತ್ತಾಗುತ್ತಿತ್ತು. ಒಂದಕ್ಕೆ ಸುಮ್ಮನಾಗುವ ಜಾಯಮಾನದ ಸೀನಲ್ಲ ಅದು. ಬಂದರೆ ಬಂಧುಬಳಗವನ್ನೆಲ್ಲ ಕಟ್ಟಿಕೊಂಡೇ ಬರುವುದು. ಮರಗೆಲಸದವನು ಅವಳಿಗೆ ಗುಡುಗಮ್ಮ ಎಂದು ಹೆಸರಿಟ್ಟಿದ್ದ. ಬೇರೆ ಕೆಲಸದಲ್ಲಿದ್ದಿದ್ದರೆ ಅವಳೂ ನಕ್ಕು ಮರೆಯುತ್ತಿದ್ದಳೇನೋ. ಆದರೆ ಅವಳದು ಕನ್ನಡಿಯ ಚೌಕಟ್ಟುಗಳಿಗೆ ಚಿನ್ನದ ರೇಕು ಅಂಟಿಸುವ ಕೆಲಸ.

ಬೆರಳು ತಾಗಿದರೆ ಬೆರಳಿಗೇ ಬಳಿದುಕೊಂಡು ಮಾಯವಾಗುವಷ್ಟು ತೆಳು ಆ ರೇಕು. ಜೋರಾಗಿ ಮಾತಾಡಿದರೂ ಮುದುಡಿಕೊಳ್ಳುತ್ತದೆ. ಅದಕ್ಕೇ ಆ ಕೋಣೆಯಲ್ಲಿ ಫ್ಯಾನಿಲ್ಲ, ಕಿಟಕಿ ತೆರೆಯುವಂತಿಲ್ಲ, ಬಾಗಿಲನ್ನು ಸಹ ಒಳಗೆ ಮಗು ಮಲಗಿದೆಯೇನೋ ಎಂಬಂತೆ ಸರಿಸಬೇಕು. ಅಗಲವಾದ ಮೃದು ಬ್ರಷ್ಷನ್ನು ತಲೆಗೂದಲ ಮೇಲೆ ಒಮ್ಮೆ ಎಳೆದುಕೊಂಡು, ಅಲ್ಲಿ ಸಿಕ್ಕ ಚೂರು ಜಿಡ್ಡಿನ ಆಸರೆಯಲ್ಲಿ ರೇಕನ್ನು ಎತ್ತಿ, ಉಸಿರು ಬಿಗಿಹಿಡಿದು, ಅಂಟು ಸವರಿದ ಮರದ ಮೇಲೆ ಇಳಿಸಬೇಕು. ಮತ್ತೆ ಕೂದಲು, ಮತ್ತೆ ರೇಕು. ಮದುವೆಗೆ ಮುಂಚೆ ಇಲ್ಲಿಗೆ ಪೊಟ್ಟಣ ಕಟ್ಟಲು ಬಂದಿದ್ದವಳ ಕೈ ಸ್ತಿಮಿತ ನೋಡಿ ಇದನ್ನೆಲ್ಲ ಕಲಿಸಿದವರು ಮೇಸ್ತ್ರಿ. ಅವರ ತಲೆಯಲ್ಲಿ ಹೆಸರಿಗೂ ಒಂದು ಕೂದಲಿಲ್ಲದ್ದರಿಂದ ಅವರು ಮಾತ್ರ ಬ್ರಷ್ಷನ್ನು ಕೆನ್ನೆಗೆ ಸವರಿಕೊಳ್ಳುತ್ತಿದ್ದರು.

ಈ ಸಲ ನಾಟಕಮಂದಿರವೊಂದರ ದೊಡ್ಡ ಕನ್ನಡಿ ಬಂದಿತ್ತು. ಆಳೆತ್ತರದ ಚೌಕಟ್ಟು, ಸುತ್ತಲೂ ಬಳ್ಳಿ, ಎಲೆ, ಮೊಗ್ಗು. ಮೊದಲಿಂದ ಕೊನೆಯವರೆಗೆ ಅವಳೊಬ್ಬಳ ಕೈಗೇ ಕೊಟ್ಟ ಮೊದಲ ಕೆಲಸ ಅದು. ಎರಡು ಎಲೆ ಮುಗಿದು ಮೂರನೆಯದಕ್ಕೆ ಕೈಯಿಟ್ಟಾಗ ಸೀನು ಬಂತು. ಬಿಚ್ಚಿಟ್ಟಿದ್ದ ರೇಕಿನ ಕಟ್ಟು ಹಾರಿ ಚೂರುಚೂರಾಗಿ ಬಲ್ಬಿನ ಮೇಲೆ, ಗೋಡೆಯ ಮೇಲೆ, ಮೇಸ್ತ್ರಿಯ ಬೋಳುತಲೆಯ ಮೇಲೂ ಹೋಗಿ ಕೂತಿತು. ಯಾರೂ ನಗಲಿಲ್ಲ. ಮರಗೆಲಸದವನು ಸಹ ನಗಲಿಲ್ಲ.

ಮೇಸ್ತ್ರಿ ಅವಳನ್ನು ಪಕ್ಕಕ್ಕೆ ಕರೆದರು. "ನೋಡಮ್ಮ, ನಿನ್ನ ಕೈ ಮೇಲೆ ನಂಗೆ ಅನುಮಾನ ಇಲ್ಲ, ಮೂಗಿನ ಮೇಲಿದೆ. ಈ ವಾರ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕನ್ನಡಿ ಬೇರೆಯವರಿಗೆ ಕೊಟ್ಟು, ನಿನ್ನ ಉಜ್ಜೋ ಕೆಲಸಕ್ಕೆ ಹಾಕ್ತೀನಿ." ಹಿಂದಿನ ಕೊಟ್ಟಿಗೆಯಲ್ಲಿ ಮರಳುಕಾಗದ ಹಿಡಿದು ಮರ ಉಜ್ಜಲು ಹೋದವರು ಚಿನ್ನದ ಮೇಜಿಗೆ ಮರಳಿ ಬಂದದ್ದನ್ನು ಅವಳು ಕಂಡಿರಲಿಲ್ಲ.

ಅವಳೇನೂ ಕೈಕಟ್ಟಿ ಕೂತಿರಲಿಲ್ಲ. ಮೂಗಿಗೆ ಹಾಕುವ ಸ್ಪ್ರೇಯನ್ನು ಹೂಬಿಡುವ ಮುಂಚಿನಿಂದಲೇ ದಿನಾ ಹಾಕಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು. ಇವಳು ಸೀನು ಬಂದಾಗಷ್ಟೇ ಹಾಕಿಕೊಂಡಿದ್ದಳು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಈಗ ತಪ್ಪದೆ ಹಾಕುತ್ತಿದ್ದಳು. ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ಸೀನಿನ ಜೊತೆ ಅವಳನ್ನೂ ಮಲಗಿಸಿಬಿಟ್ಟಿತ್ತು. ಡಾಕ್ಟರು ಅದನ್ನು ಬಿಡಿಸಿ, ಅಷ್ಟು ಮಂಪರು ತರದ ಬೇರೊಂದನ್ನು ಬರೆದುಕೊಟ್ಟರು. ಮನೆಯಲ್ಲಿ ಬೆಳಗಿನ ಹೊತ್ತು ಕಿಟಕಿ ಬಂದ್, ಬಟ್ಟೆ ಒಣಗುವುದು ಒಳಗೇ. ದಿಂಬು ಬಿಸಿಲು ಕಂಡು ಎಷ್ಟು ಕಾಲವಾಯಿತೆಂದು ಅತ್ತೆ ಗೊಣಗಿದರೂ ಹಗ್ಗವನ್ನು ತಾವೇ ನಡುಮನೆಗೆ ಕಟ್ಟಿಕೊಟ್ಟಿದ್ದರು. ಗಂಡ ಮಾತ್ರ ಆ ಕೆಲಸವನ್ನೇ ಬಿಟ್ಟುಬಿಡು ಎಂದ.

"ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರಾ?" ಎಂದಳು ಅವಳು.

ಆದರೂ ಒಂದು ಸಂಗತಿ ಅವಳನ್ನು ಕೊರೆಯುತ್ತಿತ್ತು. ಇಷ್ಟೆಲ್ಲ ಮಾಡಿದ ಮೇಲೆ ಮನೆಯಲ್ಲಿ ಮೂಗು ಹತೋಟಿಗೆ ಬಂದಿತ್ತು. ಬೀದಿಯಲ್ಲಿ ಕಣ್ಣು ತುರಿಸುತ್ತಿತ್ತು, ಅಷ್ಟೇ. ಗಾಳಿಯೇ ಆಡದ ಆ ಕೋಣೆಯಲ್ಲಿ ಮಾತ್ರ ಸೀನು ಬೆನ್ನು ಬಿಡುತ್ತಿರಲಿಲ್ಲ. ಹಾಗಾದರೆ ಅಂಟೇ ಆಗುತ್ತಿಲ್ಲವೋ? ಚಿನ್ನವೇ ಆಗಿಬರುತ್ತಿಲ್ಲವೋ? ಪಾತ್ರೆ ತೊಳೆಯುತ್ತ ಹೀಗೆ ಯೋಚಿಸಿದವಳಿಗೆ ಕಣ್ಣು ತುಂಬಿತು. ಹೂವಿನ ಕಾಲವಾದರೆ ಮುಗಿಯುತ್ತದೆ. ಕೆಲಸವೇ ಒಗ್ಗದಿದ್ದರೆ ಏನು ಮಾಡುವುದು?

ಅಡುಗೆಮನೆಯ ಹೊಸ್ತಿಲಲ್ಲಿ ಮಗಳು ಕಾರ್ಖಾನೆ ಆಟ ಆಡುತ್ತಿದ್ದಳು. ಹಿಂದಿನ ವಾರ ಅತ್ತೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಗ ಅವಳನ್ನು ಒಂದು ಮಧ್ಯಾಹ್ನ ಕೆಲಸಕ್ಕೆ ಕರೆದೊಯ್ದು ಮೂಲೆಯ ಸ್ಟೂಲಿನ ಮೇಲೆ ಕೂರಿಸಿದ್ದಾಗಿತ್ತು. ಈಗ ಅಪ್ಪನ ಶೇವಿಂಗ್ ಬ್ರಷ್ಷನ್ನು ಕೂದಲಿಗೆ ಎಳೆದುಕೊಂಡಳು, ಮುಖವೆಲ್ಲ ಸುಕ್ಕಾಗಿಸಿ ಮನೆ ನಡುಗುವಂತೆ ಸೀನಿದಳು, ಬಿಸ್ಕತ್ತಿನ ಹೊಳೆಯುವ ಕಾಗದದ ಚೂರನ್ನು ಮಣೆಯ ಅಂಚಿಗಿಟ್ಟು ತಟ್ಟಿದಳು. ಮತ್ತೆ ಕೂದಲು, ಮತ್ತೆ ಸೀನು, ಮತ್ತೆ ಕಾಗದ. ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು.

"ಯಾಕೆ ಪುಟ್ಟಿ ಪ್ರತಿ ಸಲಾನೂ ಸೀನ್ತೀಯ?" ಎಂದು ಕೇಳಿದಳು ಅಮ್ಮ.

"ಹಂಗೇ ಅಲ್ವಾ ಮಾಡೋದು?" ಮಗಳು ದಡ್ಡಿಗೆ ಪಾಠ ಹೇಳುವವಳಂತೆ ನೋಡಿದಳು. "ಫಸ್ಟು ಕೂದ್ಲಿಗೆ ಬ್ರಷ್ಷು. ಆಮೇಲೆ ಸೀನು. ಆಮೇಲೆ ಚಿನ್ನ."

ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ದಿನಾ ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗುವುದು ಆ ಸಾಲುಮರಗಳ ಕೆಳಗೇ. ನಿಂತ ಕಾರುಗಳ ನೆತ್ತಿಯ ಮೇಲೆಲ್ಲ ಹೂವಿನ ಹಳದಿ ಪುಡಿ. ತನ್ನ ನೆತ್ತಿಯೇನು ಬೇರೆಯೇ? ಆ ಪುಡಿಯನ್ನು ಕೂದಲಲ್ಲಿ ಹೊತ್ತು ತಂದು, ಬ್ರಷ್ಷಿಗೆ ಬಳಿದು, ಪ್ರತಿ ರೇಕಿಗೊಮ್ಮೆ ಮೂಗಿನಡಿಯಲ್ಲಿ ತಾನೇ ಕೊಡವಿಕೊಳ್ಳುತ್ತಿದ್ದಳು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಆ ಸಂಜೆಯೇ ತಲೆಗೆ ನೀರು ಹಾಕಿಕೊಂಡಳು. ಇಳಿಹೊತ್ತಿನಲ್ಲಿ ತಲೆ ತೊಳೆದರೆ ನೆಗಡಿಯಾದೀತೆಂದು ಅತ್ತೆ ತಡೆದರು. "ಇನ್ನೊಂದು ಬರೋಕೆ ಜಾಗ ಎಲ್ಲಿದೆ ಅತ್ತೆ?" ಎಂದಾಗ ತಾವೇ ಟವೆಲ್ ತಂದು ಕೂದಲು ಒರೆಸಲು ಕೂತರು.

ಮರುದಿನ ತಲೆಗೆ ಬಟ್ಟೆ ಸುತ್ತಿಕೊಂಡು ಹೋದಳು. ಬಾಗಿಲಲ್ಲೇ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿ, ಮುಖ ತೊಳೆದು, ಹೊಸ ಬ್ರಷ್ ಕೇಳಿದಳು. ಇನ್ನು ಕೂದಲು ಬೇಡ, ಮಣಿಕಟ್ಟಿಗೆ ಚೂರು ವ್ಯಾಸಲೀನ್ ಸವರಿಕೊಂಡು ನೋಡುತ್ತೇನೆ ಎಂದು ಕಾರಣವನ್ನೂ ಹೇಳಿದಳು. ಮೇಸ್ತ್ರಿ ತಮ್ಮ ಬೋಳುತಲೆ ಸವರಿಕೊಂಡರು.

"ಇದನ್ನ ಎಲ್ಲಾರೂ ಆಡ್ಕೊಂಡ್ರು," ಎಂದರು. "ಇದರಿಂದ ಇಂಥ ಲಾಭ ಇದೆ ಅಂತ ಒಬ್ಬನೂ ಹೇಳ್ಲಿಲ್ಲ."

ಮೊದಲ ರೇಕು ಹಾಳಾಯಿತು. ಜಿಡ್ಡು ಹೆಚ್ಚಾಗಿ ಬ್ರಷ್ಷನ್ನೇ ಅಪ್ಪಿಕೊಂಡಿತು. ಅಳತೆ ಕೈಗೆ ಹತ್ತುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಸೀನು ಪೂರ್ತಿ ಹೋಯಿತೆಂದೇನಲ್ಲ. ಹೂ ಇನ್ನೂ ಮರದಲ್ಲೇ ಇತ್ತು. ಆದರೆ ಈಗ ಸೀನು ಮೂಗಿನ ತುದಿಯಲ್ಲಿ ಮೊದಲೇ ಸುಳಿವು ಕೊಡುತ್ತಿತ್ತು, ಬ್ರಷ್ ಕೆಳಗಿಟ್ಟು ಆಚೆಗೆ ಹೋಗಿ ಬರುವಷ್ಟು ಪುರುಸೊತ್ತು ಸಿಗುತ್ತಿತ್ತು. ವಾರ ಕಳೆಯಿತು. ಮೇಸ್ತ್ರಿ ಉಜ್ಜುವ ಕೆಲಸದ ಮಾತೆತ್ತಲಿಲ್ಲ. ಹೊಸ ರೇಕಿನ ಕಟ್ಟುಗಳನ್ನು ತಂದು ಅವಳ ಮೇಜಿನ ಮೇಲಿಟ್ಟು ಹೋದರು.

ಚೌಕಟ್ಟು ಮುಗಿಯುವ ದಿನ ಅತ್ತೆ ಮೊಮ್ಮಗಳ ಕೈಹಿಡಿದು ನೋಡಲು ಬಂದರು. ಕೆಳಮೂಲೆಯ ಒಂದು ಮೊಗ್ಗನ್ನು ಅವಳು ಮಗಳು ನೋಡಲೆಂದೇ ಉಳಿಸಿದ್ದಳು. ಬ್ರಷ್ಷನ್ನು ಮಣಿಕಟ್ಟಿಗೆ ಸೋಕಿಸಿ, ರೇಕನ್ನೆತ್ತಿ, ಮೊಗ್ಗಿನ ಮೇಲೆ ಇಳಿಸಿದಳು. ಒಂದು ಸುಕ್ಕಿಲ್ಲದೆ ಕೂತಿತು.

ಮಗಳು ಕಾದಳು. ಅಮ್ಮನ ಮುಖ ನೋಡಿದಳು, ಮತ್ತೂ ಕಾದಳು.

"ಅಮ್ಮಾ, ನೀನು ಸೀನೋದೇ ಮರ್ತೆ."

ಮೇಸ್ತ್ರಿ ಅವಸರದಲ್ಲಿ ಬಾಗಿ ಉಳಿದ ರೇಕುಗಳ ಮೇಲೆ ಎರಡೂ ಅಂಗೈ ಮುಚ್ಚಿದರು. ಅಮ್ಮ ಮರೆತದ್ದನ್ನು ತಾನೇ ಪೂರೈಸಲು ಮಗಳು ಆಗಲೇ ಮೂಗು ಸುಕ್ಕಿಸಿ, ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದಳು.