ಮೂರನೇ ಗ್ರೀನಿನ ಹಳದಿ ಕಲೆಗಳು

ಮೊನ್ನೆ ಮೊನ್ನೆಯವರೆಗೂ ನಾನು ಸುಳ್ಳು ಹೇಳದ ಮನುಷ್ಯ ಎಂದು ನಂಬಿಕೊಂಡಿದ್ದೆ. ಹೋದ ತಿಂಗಳು ಒಂದು ಗುರುವಾರ ಬೆಳಿಗ್ಗೆ, ಅಂಗೈ ಅಗಲದ ಒಣಗಿದ ಹುಲ್ಲಿನ ಮುಂದೆ ನಿಂತು ಎರಡೇ ಎರಡು ಪದದ ಸುಳ್ಳು ಹೇಳಿದೆ.

"ಹೇಳಿದ್ದೆ, ಸಾರ್."

ಆ ಎರಡು ಪದಕ್ಕೆ ಒಬ್ಬ ಹೆಣ್ಣುಮಗಳ ಕೆಲಸ ಹೋಗುವುದರಲ್ಲಿತ್ತು.

ನನ್ನ ಕಸುಬು ಏನೆಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ. ನಾನು ಹುಲ್ಲು ಸಾಕುತ್ತೇನೆ. ರಾಯಚೂರಿನಿಂದ ಮಾನ್ವಿ ಕಡೆ ಹೊರಟರೆ, ಊರು ಮುಗಿದ ಮೇಲೆ ಒಂದು ಗಾಲ್ಫ್ ಮೈದಾನ ಸಿಗುತ್ತದೆ. ಒಂಬತ್ತು ಹೋಲಿನ ಸಣ್ಣ ಮೈದಾನ. ಅದರ ಹುಲ್ಲೆಲ್ಲ ನನ್ನ ಸುಪರ್ದಿ. (ರಾಯಚೂರಿನಲ್ಲಿ ಗಾಲ್ಫಾ ಎಂದು ನಗಬೇಡಿ. ಈ ಬಿಸಿಲಲ್ಲಿ ಹುಲ್ಲಿಗೆ ನೀರಾ ಎಂದು ಬೈಯಲೂ ಬೇಡಿ. ಪಕ್ಕದ ಬಡಾವಣೆಯವರು ಬಳಸಿ ಬಿಟ್ಟ ನೀರನ್ನೇ ಸೋಸಿ ಹಾಯಿಸುತ್ತೇವೆ.)

ಬಾಗಲವಾಡದಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಹೈದರಾಬಾದಿನ ಒಂದು ದೊಡ್ಡ ಗಾಲ್ಫ್ ಮೈದಾನದಲ್ಲಿ ಪೈಪು ಹೊರುವ ಕೂಲಿಯಾಗಿ ಸೇರಿದೆ. ಇಪ್ಪತ್ತೆರಡು ವರ್ಷ ದುಡಿದು, ಬೇರು ನೋಡಿ ಹುಲ್ಲಿಗೇನಾಗಿದೆ ಎಂದು ಹೇಳುವಷ್ಟು ಕಲಿತು ಊರಿಗೆ ಬಂದೆ. ಡಿಗ್ರಿ ಇಲ್ಲ. ಆದರೆ ಡಿಗ್ರಿ ಇದ್ದವರು ನನ್ನನ್ನು ಕೇಳಿ ಗೊಬ್ಬರ ತರಿಸುತ್ತಾರೆ. ಇದನ್ನು ಜಂಬ ಎಂದರೆ ಜಂಬ. ಬೆವರು ಸುರಿಸಿ ಗಳಿಸಿದ್ದು.

ಇನ್ನು ಈ ಗ್ರೀನ್ ಎಂದರೇನು? ಚೆಂಡು ಬೀಳಬೇಕಾದ ಹೋಲಿನ ಸುತ್ತ ಚಾಪೆಯಂತೆ ಕತ್ತರಿಸಿದ ಹುಲ್ಲು ಇರುತ್ತದಲ್ಲ, ಅದು. ಮೈದಾನದ ಉಳಿದ ಹುಲ್ಲು ಒರಟು, ತಡೆದುಕೊಳ್ಳುತ್ತದೆ. ಗ್ರೀನಿನ ಹುಲ್ಲು ಹಸುಗೂಸು. ಮೇಲಿನಿಂದ ಚೆಂಡು ಬಂದು ಬಿದ್ದರೆ, ಕಲಸಿಟ್ಟ ರೊಟ್ಟಿ ಹಿಟ್ಟಿಗೆ ಹೆಬ್ಬೆರಳು ಒತ್ತಿದ ಹಾಗೆ ಅಲ್ಲೊಂದು ತಗ್ಗು ಬೀಳುತ್ತದೆ. ಅದನ್ನು ಆಗಲೇ ಸರಿಮಾಡಿದರೆ ಹುಲ್ಲು ಮರುದಿನವೇ ಚೇತರಿಸಿಕೊಳ್ಳುತ್ತದೆ. ಬಿಟ್ಟರೆ ಸಾಯುತ್ತದೆ.

ಸರಿಮಾಡಬೇಕಾದವರು ಯಾರು? ತಗ್ಗು ಮಾಡಿದ ಆಟಗಾರ. ಇದು ನನ್ನ ರೂಲ್ ಅಲ್ಲ, ಜಗತ್ತಿನ ಎಲ್ಲ ಗಾಲ್ಫ್ ಮೈದಾನಗಳ ಮರ್ಯಾದೆ. ಪ್ರತಿ ಆಟಗಾರನ ಜೇಬಿನಲ್ಲೂ ಎರಡು ಹಲ್ಲಿನ ಪುಟ್ಟ ಫೋರ್ಕ್ ಇರಬೇಕು. ನಿನ್ನ ತಗ್ಗನ್ನು ನೀನೇ ಬಾಗಿ ಮುಚ್ಚಿ ಮುಂದೆ ಹೋಗು. ನಮ್ಮ ಕ್ಲಬ್ಬಿನ ಗೋಡೆಯ ಮೇಲೂ ಇದನ್ನು ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಅದರ ಕೆಳಗೆ ಕುಳಿತು ಚಹಾ ಕುಡಿಯುತ್ತಾರೆ.

ಬಾಗುವವರು ಯಾರೂ ಇಲ್ಲ. ಹಾಗಾಗಿ ಬಾಗಲಿಕ್ಕೆ ಶರಣಮ್ಮನನ್ನು ಇಟ್ಟುಕೊಂಡೆವು.

ಶರಣಮ್ಮ ಯರಗೇರಾದಿಂದ ಬಸ್ಸಿನಲ್ಲಿ ಬರುತ್ತಾಳೆ. ನನಗಿಂತ ಹತ್ತು ವರ್ಷ ಸಣ್ಣವಳು, ನನ್ನನ್ನು ಯಣ್ಣಾ ಎನ್ನುತ್ತಾಳೆ. ಇಪ್ಪತ್ತು ವರ್ಷ ಮೆಣಸಿನಕಾಯಿ ಹೊಲದಲ್ಲಿ ದುಡಿದವಳು. ಮಗಳು ಯರಗೇರಾದ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲೇ ಎಂ.ಎ. ಓದುತ್ತಿದ್ದಾಳೆ. ಮನೆ ನಡೆಯುವುದು ಇವಳ ಪಗಾರದ ಮೇಲೆ. ಗ್ರೀನಿನ ಕೆಲಸಕ್ಕೆ ಹಾಕಿ ಒಂದು ತಿಂಗಳಾಗಿತ್ತು. ಸದ್ಯಕ್ಕೆ ಮೂರನೇ ಗ್ರೀನ್ ಒಂದನ್ನೇ ಅವಳಿಗೆ ಒಪ್ಪಿಸಿ, ಉಳಿದವನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಯಾರೂ ಹೇಳದೆಯೇ ಚಪ್ಪಲಿಯನ್ನು ಅಂಚಿನಲ್ಲಿ ಬಿಟ್ಟು ಬರಿಗಾಲಲ್ಲಿ ಗ್ರೀನಿಗೆ ಬರುತ್ತಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, "ರಾಶಿ ಮಾಡೋ ಕಣದಂಗ ಕಾಣ್ತದಲ್ರೀ, ಹ್ಯಾಂಗ ತುಳೀಲಿ?" ಅಂದಿದ್ದಳು.

ಆ ಗುರುವಾರ ಮೂರನೇ ಗ್ರೀನಿನ ಮೇಲೆ ಹಳದಿ ಕಲೆಗಳು ಎದ್ದಿದ್ದವು. ಒಂದೆರಡಲ್ಲ, ಗ್ರೀನ್ ತುಂಬ. ನಾನು ನೋಡುವ ಮೊದಲೇ ದೇವದುರ್ಗದ ಸಾಹುಕಾರರು ನೋಡಿದ್ದರು. ರೈಸ್ ಮಿಲ್ಲಿನವರು, ಕ್ಲಬ್ಬಿನ ಹಿರಿಯ ಮೆಂಬರ್.

"ಏನಲೇ ಹನುಮಂತಪ್ಪ, ಗ್ರೀನಿಗಿ ಸಿಡುಬು ಬಂದದೇನು?"

ಜೊತೆಗೆ ಸೆಕ್ರೆಟರಿ ಸಾಹೇಬರೂ ಇದ್ದರು. ಶಕ್ತಿನಗರದಲ್ಲಿ ಇಂಜಿನಿಯರಾಗಿದ್ದು ರಿಟೈರ್ ಆದವರು, ಸಮಾಧಾನದ ಮನುಷ್ಯ. ಹಿಂದೆ ಇನ್ನಿಬ್ಬರು ಮೆಂಬರ್‌ಗಳು, ಅಂಚಿನಲ್ಲಿ ಶರಣಮ್ಮ. ನಾನು ಮಂಡಿಯೂರಿ ಒಂದು ಕಲೆಯನ್ನು ಬೆರಳಿನಿಂದ ಒತ್ತಿದೆ. ಮೇಲೆ ಸಪಾಟು, ಒಳಗೆ ಟೊಳ್ಳು. ಆಗಲೇ ಅರ್ಥವಾಯಿತು. ಶರಣಮ್ಮ ಪ್ರತಿ ತಗ್ಗಿನ ನಡುವೆ ಫೋರ್ಕ್ ಚುಚ್ಚಿ, ಮಣ್ಣನ್ನು ಕೆಳಗಿನಿಂದ ಎತ್ತಿದ್ದಳು. ಮೆಣಸಿನ ಸಸಿಯ ಬುಡ ಸಡಿಲ ಮಾಡುತ್ತಾರಲ್ಲ, ಹಾಗೆ. ಅಲ್ಲಿ ಸಡಿಲ ಮಾಡಿದರೆ ಬೇರು ಉಸಿರಾಡುತ್ತದೆ. ಇಲ್ಲಿ ಬೇರೇ ಹರಿದುಹೋಗುತ್ತದೆ. ಒಂದು ತಿಂಗಳು ಅವಳು ಸರಿಮಾಡಿದ ಒಂದೊಂದು ತಗ್ಗೂ ಒಂದೊಂದು ಕಲೆಯಾಗಿತ್ತು. ಸೋಂಬೇರಿಯಾಗಿದ್ದರೆ ಇಷ್ಟು ಕಲೆ ಬೀಳುತ್ತಿರಲಿಲ್ಲ.

"ಹೊಲಾ ಅಂತ ತಿಳ್ಕೊಂಡು ಅಗದಾಳ ನೋಡ್ರಿ," ಎಂದರು ಸಾಹುಕಾರರು. "ಇಂಥಾಕಿ ಕೈಯಾಗ ಗ್ರೀನ್ ಕೊಡ್ತಾರೇನ್ರಿ? ಮೊದಲು ತಗೀರಿ ಆಕೀನ್ನ."

ಸೆಕ್ರೆಟರಿ ಸಾಹೇಬರು ನನ್ನ ಕಡೆ ತಿರುಗಿದರು. "ಹನುಮಂತಪ್ಪ, ಸರಿಯಾಗಿ ಹೇಳಿಕೊಟ್ಟಿದ್ದಿ ಏನಪ್ಪ?"

ಹೇಳಿಕೊಟ್ಟಿದ್ದೆನೇ? ಮೊದಲ ದಿನ ಫೋರ್ಕನ್ನು ಅವಳ ಕೈಗಿಟ್ಟಿದ್ದೆ. ಅಷ್ಟರಲ್ಲಿ ದೂರದಿಂದ ಯಾರೋ ಮೆಂಬರ್ ಕೈ ಬೀಸಿ ಕರೆದರು. "ತಗ್ಗು ಬಿದ್ದಲ್ಲಿ ಚುಚ್ಚಿ ಎತ್ತು," ಎಂದು ಹೇಳಿ ಓಡಿದ್ದೆ. ಮತ್ತೆ ಆ ಮಾತು ತೆಗೆಯಲೇ ಇಲ್ಲ. ಆದರೆ ಅಲ್ಲಿ ನಾಲ್ಕು ಜನ ಮೆಂಬರ್‌ಗಳು ನಿಂತಿದ್ದರು. ನನಗೆ ಗೊತ್ತಿಲ್ಲದ ಹುಲ್ಲಿಲ್ಲ ಎಂದು ಅವರ ಮುಂದೆಯೇ ಎಷ್ಟು ಸಲ ಹೇಳಿಕೊಂಡಿಲ್ಲ?

"ಹೇಳಿದ್ದೆ, ಸಾರ್."

ಶರಣಮ್ಮ ನನ್ನ ಮುಖ ನೋಡಿದಳು. "ಯಣ್ಣಾ, ಚುಚ್ಚಿ ಎತ್ತು ಅಂದಿದ್ರಲ್ಲ ನೀವು?"

"ಸುಮ್ನಿರು ನೀನು," ಎಂದೆ.

ಶನಿವಾರದ ಕಮಿಟಿ ಮೀಟಿಂಗಿನಲ್ಲಿ ತೀರ್ಮಾನ ಮಾಡೋಣ, ಅಲ್ಲಿಯವರೆಗೆ ಬರುವುದು ಬೇಡ ಎಂದು ಸೆಕ್ರೆಟರಿ ಸಾಹೇಬರು ಅವಳನ್ನು ಮನೆಗೆ ಕಳಿಸಿದರು.

ಶುಕ್ರವಾರ ಬೆಳಿಗ್ಗೆ ನೋಡಿದರೆ ಶೆಡ್ಡಿನ ಬಾಗಿಲಲ್ಲಿ ಶರಣಮ್ಮ ನಿಂತಿದ್ದಾಳೆ. ಕೈಯಲ್ಲಿ ಫೋರ್ಕ್. ಹುಣಸೆಹುಳಿ ಹಚ್ಚಿ ತಿಕ್ಕಿದ್ದಳೋ ಏನೋ, ಹೊಸದರಂತೆ ಹೊಳೆಯುತ್ತಿತ್ತು.

"ಇದನ್ನ ಕೊಟ್ಟು ಹೋಗಾಕ ಬಂದೀನ್ರಿ."

"ಅಲ್ಲಿಡು."

ಇಟ್ಟಳು. ಹೋಗಲಿಲ್ಲ.

"ಯಣ್ಣಾ, ಒಂದ್ ಮಾತು. ಕೆಲಸಾ ಹೋದ್ರ ಹೋಗ್ಲಿ. ಮಗಳ ಓದು ಹ್ಯಾಂಗೋ ನೋಡ್ಕೋತೀನಿ. ಆದ್ರ ನಾ ಮಾಡಿದ್ದು ಎಲ್ಲಿ ತಪ್ಪಾತು, ಅದೊಂದು ತೋರ್ಸ್ರಿ. ಇಪ್ಪತ್ತು ವರ್ಷ ಮೆಣಸಿನಗಿಡ ಮಾಡೀನಿ, ಒಂದ್ ಸಸಿ ನನ್ ಕೈಯಾಗ ಸತ್ತಿಲ್ಲ. ಈ ಹುಲ್ಲು ಯಾಕ ಸತ್ತತು?"

ಜಗಳ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅತ್ತಿದ್ದರೂ ಒಂದು ಮಾತು ಹೇಳಿ ಕಳಿಸುತ್ತಿದ್ದೆನೇನೋ. ಅವಳು ಕಲಿಯಲು ಬಂದಿದ್ದಳು. ಹೈದರಾಬಾದಿನಲ್ಲಿ ಪೈಪು ಹೊರುತ್ತಿದ್ದ ಕಾಲದಲ್ಲಿ ನಾನೂ ಹೀಗೆಯೇ ಯಾರ್ಯಾರ ಹಿಂದೆಯೋ ಅಲೆದು ಕೇಳಿದ್ದೆ. ಹೇಳಿಕೊಡದವರನ್ನು ಮನಸ್ಸಿನಲ್ಲೇ ಬೈದಿದ್ದೆ.

ಒಂಬತ್ತನೇ ಗ್ರೀನಿಗೆ ಕರೆದುಕೊಂಡು ಹೋದೆ. ಹಿಂದಿನ ಸಂಜೆಯ ತಗ್ಗುಗಳು ಹಾಗೇ ಇದ್ದವು. ಮಂಡಿಯೂರಿದೆ. ಅವಳೂ ಪಕ್ಕದಲ್ಲಿ ಕೂತಳು.

"ನೋಡವ್ವ, ನಡುವಿಗಿ ಚುಚ್ಚಬ್ಯಾಡ. ತಗ್ಗಿನ ಹೊರಗ, ಸುತ್ತಲೂ ಚುಚ್ಚು. ಎತ್ತಬ್ಯಾಡ. ದಂಡಿ ಹುಲ್ಲನ್ನ ನಡುವಿಗಿ ತಳ್ಳು. ಹಿಂಗ. ಆಮ್ಯಾಲ ಅಂಗೈಲೆ ಒತ್ತಿಬಿಡು. ಬೇರು ಹರಿಯಂಗಿಲ್ಲ."

ನೋಡಿದಳು. ಮುಖ ಅರಳಿತು. "ಹೋಳಿಗಿ ಬಾಯಿ ಮುಚ್ಚಿದಂಗ ಅನ್ರಿ! ಹೂರಣ ಇಟ್ಟು ಕಣಕಾ ಸುತ್ತಲಿಂದ ಎಳ್ಕೊಂಡು ಬಂದು ಒತ್ತತೀವಲ್ಲ, ಹಂಗ!"

ಇಪ್ಪತ್ತೆರಡು ವರ್ಷದಲ್ಲಿ ಯಾವ ಸಾಹೇಬನೂ ಇದನ್ನು ಇಷ್ಟು ಸರಿಯಾಗಿ ಹೇಳಿದ್ದು ನಾನು ಕೇಳಿಲ್ಲ. ಎರಡನೇ ತಗ್ಗನ್ನು ಅವಳೇ ಮುಚ್ಚಿದಳು. ಬೆರಳಾಡಿಸಿ ನೋಡಿದೆ. ತಗ್ಗು ಎಲ್ಲಿತ್ತೆಂದು ಸಿಗಲಿಲ್ಲ.

"ಇದನ್ನ ತೋರ್ಸಾಕ ಎಷ್ಟೊತ್ತು ಆತ್ರೀ ಯಣ್ಣಾ?"

"ಎರಡು ನಿಮಿಷ."

ಅವಳು ಸೀರೆಗೆ ಹತ್ತಿದ ಹುಲ್ಲು ಕೊಡವಿಕೊಂಡು ಬಸ್ಸಿಗೆ ನಡೆದಳು.

ಒಮ್ಮೆ ಲೆಕ್ಕ ಹಾಕಿ ನೋಡಿ, ದಿನಕ್ಕೆ ಎಷ್ಟು ಸಲ ನಾವು ಈ "ಹೇಳಿದ್ದೆನಲ್ಲ" ಎನ್ನುವ ಮಾತಿನ ಹಿಂದೆ ಅಡಗಿಕೊಳ್ಳುತ್ತೇವೆ? ಬ್ಯಾಂಕಿನ ಕೌಂಟರಿನವರು ಫಾರಂ ತುಂಬುವುದನ್ನು ಹೇಳಿರುತ್ತಾರೆ. ಆಸ್ಪತ್ರೆಯವರು ಗುಳಿಗೆ ನುಂಗುವುದನ್ನು ಹೇಳಿರುತ್ತಾರೆ. ನಾವು ಹೆಂಡತಿಗೆ, ಸೊಸೆಗೆ, ಕೆಲಸದವರಿಗೆ ಎಲ್ಲ ಹೇಳಿರುತ್ತೇವೆ. ಅವಸರದಲ್ಲಿ, ಅರ್ಧ ತಿರುಗಿ, ಒಂದು ಕಣ್ಣು ಮೊಬೈಲ್ ಮೇಲಿಟ್ಟು. ತೋರಿಸಿರುತ್ತೇವೆಯೇ? ಪಕ್ಕದಲ್ಲಿ ಕೂತು, ಅವರ ಕೈಯಿಂದ ಒಮ್ಮೆ ಮಾಡಿಸಿ ನೋಡಿರುತ್ತೇವೆಯೇ? ಕೆಲಸ ಕೆಟ್ಟಾಗ ಮಾತ್ರ ನಮ್ಮ ನೆನಪು ಭಾರೀ ಚುರುಕು.

ಶನಿವಾರ ಮೀಟಿಂಗ್. ಕಮಿಟಿಯವರು ಏಳು ಜನ, ನಾನು ಬಾಗಿಲ ಹತ್ತಿರ ನಿಂತವನು. ಸಾಹುಕಾರರು ಮೊದಲೇ ಹೇಳಿಬಿಟ್ಟರು, ಆ ಹೆಂಗಸನ್ನು ತೆಗೆಯುವುದೊಂದೇ ದಾರಿ, ಗ್ರೀನ್ ಹಾಳು ಮಾಡಿದವರಿಗೆ ಇಲ್ಲಿ ಜಾಗವಿಲ್ಲ ಎಂದು. ಒಬ್ಬಿಬ್ಬರು ತಲೆಯಾಡಿಸಿದರು.

ಶಾಲೆ ಬಿಟ್ಟ ದಿನ ಹೆಡ್ ಮಾಸ್ತರರ ಮುಂದೆ ನಿಂತಾಗಲೂ ಇಷ್ಟು ಹೆದರಿರಲಿಲ್ಲ. ಏಳನೇ ಕ್ಲಾಸಿನವನು ಇಷ್ಟು ವರ್ಷ ಕಟ್ಟಿದ ಹೆಸರು ಅಲ್ಲಿ ಆ ಮೇಜಿನ ಮೇಲಿತ್ತು.

"ಸಾರ್, ನಾ ಗುರುವಾರ ಸುಳ್ಳು ಹೇಳಿದೆ," ಎಂದೆ. "ಆಕಿಗಿ ನಾ ಕಲಿಸಿಲ್ಲ. ಚುಚ್ಚಿ ಎತ್ತು ಅಂದಿದ್ದು ನಾನಾ. ಆಕಿ ನಾ ಹೇಳಿದಂಗ ಮಾಡ್ಯಾಳ. ತಗಿಯೋದಿದ್ರ ನನ್ನ ತಗೀರಿ."

ಸಾಹುಕಾರರು, "ಹಂಗಾದ್ರ ಇಬ್ಬರನ್ನೂ ತಗದ್ರಾತು," ಎಂದರು. ನಗಲಿಲ್ಲ, ನಿಜವಾಗಿಯೇ ಹೇಳಿದರು.

ಸೆಕ್ರೆಟರಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಗ್ರೀನ್ ಮೊದಲಿನಂಗ ಆಗಾಕ ಎಷ್ಟು ದಿನಾ ಬೇಕು?"

"ಈ ಬಿಸಿಲಿಗಿ ನಮ್ಮ ಹುಲ್ಲು ಲಗೂನ ಹಬ್ತದ್ರಿ. ಮೂರು ವಾರ. ಆದ್ರ ಇಬ್ಬರು ಬೇಕು. ಆಕಿ ಬೇಕಾ ಬೇಕು."

"ಮೂರು ವಾರ ಕೊಡೋಣ. ಕಲೆ ಹೋಗ್ಲಿಲ್ಲ ಅಂದ್ರ ಆಕೀನ್ನ ತಗಿಯೋದು ಖರೆ," ಎಂದರು. ನನ್ನನ್ನು ನೋಡಿ ದನಿ ತಗ್ಗಿಸಿ, "ನಿನ್ನಿಂದ ಇಂಥಾದ್ದು ಆಗ್ತದಂತ ಅನ್ಕೊಂಡಿರಲಿಲ್ಲಪ್ಪ," ಎಂದರು.

ಆ ಮಾತು ಇನ್ನೂ ನನ್ನೊಳಗೆ ಇದೆ. ಇರಲಿ.

ಸೋಮವಾರದಿಂದ ಶುರು ಮಾಡಿದೆವು. ಸತ್ತ ಹುಲ್ಲನ್ನು ಬೆರಳಿನಲ್ಲೇ ಬಿಡಿಸುವುದು, ಸಣ್ಣ ಮರಳನ್ನು ಜರಡಿ ಹಿಡಿದು ಟೊಳ್ಳಿಗೆ ತುಂಬುವುದು, ಚಂಬಿನಲ್ಲಿ ನೀರು ಹನಿಸುವುದು. ಹೊಸ ತಗ್ಗುಗಳನ್ನು ಮುಚ್ಚುವುದಂತೂ ಇದ್ದೇ ಇತ್ತು, ಮೆಂಬರ್‌ಗಳು ಮಾಡುವುದನ್ನು ಬಿಟ್ಟಿರಲಿಲ್ಲವಲ್ಲ. ಮೊದಲ ವಾರ ಏನೂ ಕಾಣಲಿಲ್ಲ. ಶರಣಮ್ಮ ದಿನಾ ಒಂದು ಕಲೆಯ ಮುಂದೆ ಕೂತು, "ಎದ್ದೇಳವ್ವಾ ತಾಯಿ, ನಿನ್ ಕೈಯಾಗ ಅದ ನನ್ ಪಗಾರ," ಎನ್ನುತ್ತಿದ್ದಳು. ಹಾಸ್ಯಕ್ಕೆ ಅಂದಂತೆ ಇರುತ್ತಿತ್ತು. ಅವಳ ಕಣ್ಣು ನೋಡಿದರೆ ನಗು ಬರುತ್ತಿರಲಿಲ್ಲ. ಎರಡನೇ ವಾರ ಕಲೆಗಳ ಅಂಚಿನಿಂದ ಹುಲ್ಲಿನ ಬಳ್ಳಿ ಒಳಗೆ ಚಾಚಿತು. ಮೂರನೇ ವಾರ ಸೆಕ್ರೆಟರಿ ಸಾಹೇಬರು ಬಂದು, ಗ್ರೀನಿನ ಸುತ್ತ ಎರಡು ಸಲ ತಿರುಗಿ, ಶರಣಮ್ಮನ ಹತ್ತಿರ ನಿಂತು, "ನಾಳಿಂದ ದಿನದ ಹಂಗ ಬಾರವ್ವ," ಎಂದಷ್ಟೇ ಹೇಳಿ ಹೋದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರನ್ನೇ ಒರೆಸಿಕೊಂಡಳು ಎಂದುಕೊಂಡು ನಾನು ಬೇರೆ ಕಡೆ ನೋಡಿದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ.

ಕಳೆದ ಭಾನುವಾರ ಸಾಹುಕಾರರು ಹೊಡೆದ ಚೆಂಡು ಆಕಾಶಕ್ಕೆ ಏರಿ ಬಂದು ಸರಿಯಾಗಿ ಅದೇ ಮೂರನೇ ಗ್ರೀನಿನ ಮೇಲೆ ಬಿತ್ತು. ದೊಡ್ಡ ತಗ್ಗು. ಅವರು ಎಂದಿನಂತೆ ಅದನ್ನು ದಾಟಿ ಹೊರಟರು. ಶರಣಮ್ಮ ಬರಿಗಾಲಲ್ಲಿ ಹೋಗಿ ಎದುರು ನಿಂತಳು. ನಾನೂ ಆ ಕಡೆ ಓಡಿದೆ.

"ಯಪ್ಪಾ, ಸಿಟ್ಟಾಗಬ್ಯಾಡ್ರಿ. ಗ್ವಾಡಿ ಮ್ಯಾಲ ಬರದದಂತ, ನನ್ ಮಗಳು ಬಂದಾಗ ಓದಿ ಹೇಳ್ಯಾಳ. ಇದು ನೀವಾ ಮುಚ್ಚಬೇಕಂತ." ಎರಡೂ ಕೈಯಲ್ಲಿ ಫೋರ್ಕ್ ನೀಡಿದಳು.

ಜೊತೆಗಿದ್ದ ಆಟಗಾರರು ನಿಂತು ನೋಡುತ್ತಿದ್ದರು. ಅವರು ನೋಡದೇ ಇದ್ದಿದ್ದರೆ ಏನಾಗುತ್ತಿತ್ತೋ ನಾನು ಹೇಳಲಾರೆ. ಸಾಹುಕಾರರು ಕೆಂಪಗಾದರು. ಫೋರ್ಕ್ ಇಸಿದುಕೊಂಡರು. ಬಾಗಿದರು. ಬಾಗಿ, ತಗ್ಗಿನ ನಟ್ಟನಡುವೆ ಚುಚ್ಚಿ, ಒಂದೇ ಏಟಿಗೆ ಮೇಲಕ್ಕೆ ಎತ್ತಿದರು.

"ಅಯ್ಯಯ್ಯ, ಹಂಗಲ್ರೀ!" ಶರಣಮ್ಮ ಕುಕ್ಕರಗಾಲಲ್ಲಿ ಕೂತೇಬಿಟ್ಟಳು. "ನಾನೂ ಹಂಗಾ ಮಾಡಿ ಕೆಡಿಸಿದ್ದೆ. ಬೇರು ಹರೀತಾವ್ರಿ. ಸುತ್ತಲಿಂದ ತಳ್ರಿ, ಹೋಳಿಗಿ ಬಾಯಿ ಮುಚ್ಚಿದಂಗ."

"ಹೋಳಿಗಿ ತಿಂದೀನಿ, ಮಾಡಿಲ್ಲಬೇ ನಾ," ಎಂದರು ಸಾಹುಕಾರರು. ಅವಳು ತೋರಿಸಿದಳು. ಎರಡು ನಿಮಿಷ.

ಮೂವತ್ತು ವರ್ಷದಿಂದ ಗಾಲ್ಫ್ ಆಡುತ್ತಿದ್ದೇನೆ ಎನ್ನುವ ಮನುಷ್ಯ ಅವರು. ಇದೇ ತಪ್ಪಿಗೆ ಶರಣಮ್ಮನ ಕೆಲಸ ಹೋಗಬೇಕು ಎಂದಿದ್ದರಲ್ಲ, ಈಗ ಅವರ ಮೆಂಬರ್‌ಶಿಪ್ ಬಗ್ಗೆ ಮೀಟಿಂಗ್ ಯಾವ ಶನಿವಾರ?